ಮಳೆಯಲ್ಲಿ ನೆನೆದರೆ ಮಕ್ಕಳಿಗೆ ಶೀತ ಬರುತ್ತದೆಯೇ? ಹೆಲ್ಸಿಂಕಿಗೆ ಕಡಿಮೆ ಖರ್ಚಿನಲ್ಲಿ ಹೊರಟವರು ತಿಳಿದಿರಬೇಕಾದದ್ದು

“ಎರಡು ಹನಿ ಮಳೆ ತಲೆ ಮೇಲೆ ಬಿದ್ದರೂ ಮಗುವಿಗೆ ನೆಗಡಿ ಗ್ಯಾರಂಟಿ, ಚಳಿ ಊರಲ್ಲಿ ಮಕ್ಕಳನ್ನು ಹೊರಗೆ ಬಿಡಬೇಡಿ” ಎಂಬಂಥ ಸಂದೇಶಗಳು ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಯುರೋಪಿನಲ್ಲಿ ನೆಲೆಸಿರುವ ಮಗ-ಸೊಸೆಗೆ ಊರಿನಿಂದ ಅಜ್ಜಿ-ತಾತ ಕಳಿಸುವುದೂ ಇದನ್ನೇ. ಎರಡು ದಿನ ಸುತ್ತಾಡಲು ಫಿನ್ಲೆಂಡ್‌ನ ಹೆಲ್ಸಿಂಕಿಗೆ ಹೋದವರು ಇದನ್ನು ನಂಬಿದರೆ, ಮಗುವನ್ನು ಹೋಟೆಲ್ ಕೋಣೆಯಲ್ಲೇ ಕೂರಿಸುತ್ತಾರೆ. ಇಲ್ಲವೇ ಟಿಕೆಟ್ ಕೊಟ್ಟು ಒಳಾಂಗಣ ಆಟದ ಕೇಂದ್ರಕ್ಕೆ ಹೋಗುತ್ತಾರೆ. ದುಡ್ಡೂ ಖರ್ಚಾಗುತ್ತದೆ, ಶೀತ ತಪ್ಪುವ ಖಾತ್ರಿಯೂ ಇಲ್ಲ. ಹಾಗಾದರೆ ಈ ಮಾತಿನಲ್ಲಿ ನಿಜವೆಷ್ಟು?

ಸಾರಾಂಶ

ಮಳೆನೀರು ಶೀತ ತರುವುದಿಲ್ಲ, ತರುವುದು ವೈರಸ್. ಆದರೆ ಒದ್ದೆ ಬಟ್ಟೆಯಲ್ಲಿ ಮಗು ಹೊತ್ತುಗಟ್ಟಲೆ ಕೂರುವುದು ಅಪಾಯವೇ. ಹಾಗಾಗಿ ಈ ಸಂದೇಶ ಅರ್ಧ ಮಾತ್ರ ನಿಜ.

ಶೀತಕ್ಕೆ ಕಾರಣವೇನು?

ನೆಗಡಿಗೆ ಬಹುಪಾಲು ಕಾರಣ ರೈನೋವೈರಸ್‌ಗಳು. ಸೋಂಕಿತರ ಕೆಮ್ಮು, ಸೀನು, ಕೈ ಮತ್ತು ಮುಟ್ಟಿದ ವಸ್ತುಗಳ ಮೂಲಕ ಅವು ಹರಡುತ್ತವೆ. ಚಳಿ, ಮಳೆ ಇದ್ದಾಗ ಜನ ಕಿಟಕಿ ಮುಚ್ಚಿ ಒಳಗೆ ಒಟ್ಟಿಗೆ ಸೇರುತ್ತಾರೆ. ಆಗ ವೈರಸ್ ಹರಡುವುದು ಸುಲಭ. ಮಳೆಗೆ ಹೆದರಿ ಮಗುವನ್ನು ಜನ ತುಂಬಿದ ಕೋಣೆಗೆ ಕರೆದೊಯ್ದರೆ ವೈರಸ್ ಇರುವ ಕಡೆಗೇ ಕರೆದೊಯ್ದಂತೆ.

ಹಾಗಾದರೆ ಅಜ್ಜಿಯ ಮಾತು ಪೂರ್ತಿ ಸುಳ್ಳೇ?

ಅಲ್ಲ. ಬ್ರಿಟನ್‌ನ ಕಾರ್ಡಿಫ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 90 ಮಂದಿ 20 ನಿಮಿಷ ತಣ್ಣೀರಿನಲ್ಲಿ ಕಾಲಿಟ್ಟು ಕುಳಿತರು, ಇನ್ನು 90 ಮಂದಿ ಖಾಲಿ ಪಾತ್ರೆಯಲ್ಲಿ ಕಾಲಿಟ್ಟರು. ಮುಂದಿನ ಕೆಲವು ದಿನಗಳಲ್ಲಿ ಮೊದಲ ಗುಂಪಿನ 13 ಮಂದಿ, ಎರಡನೇ ಗುಂಪಿನ 5 ಮಂದಿ ನೆಗಡಿಯಾಯಿತು ಎಂದರು. ಆದರೆ ಇದು ಅವರು ಹೇಳಿಕೊಂಡ ಲಕ್ಷಣಗಳ ಲೆಕ್ಕ, ವೈರಸ್ ಪರೀಕ್ಷೆಯ ಫಲಿತಾಂಶವಲ್ಲ. ಮೂಗಿನೊಳಗೆ ಆಗಲೇ ಸುಮ್ಮನಿದ್ದ ವೈರಸ್‌ಗೆ ಚಳಿ ದಾರಿ ಮಾಡಿಕೊಟ್ಟಿರಬಹುದು ಎಂಬುದು ಸಂಶೋಧಕರ ಊಹೆ. 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಇಲಿಯ ಜೀವಕೋಶಗಳಲ್ಲಿ ಪರೀಕ್ಷಿಸಿದಾಗ, 37 ಡಿಗ್ರಿಗಿಂತ 33 ಡಿಗ್ರಿಯಲ್ಲಿ ರೋಗನಿರೋಧಕ ಪ್ರತಿಕ್ರಿಯೆ ಮಂದವಾಗಿ ರೈನೋವೈರಸ್ ಹೆಚ್ಚು ಬೆಳೆಯಿತು.

ಅಂದರೆ ವೈರಸ್ ಇಲ್ಲದೆ ನೆಗಡಿ ಇಲ್ಲ. ಇದ್ದರೆ, ಮೈ ತಣ್ಣಗಾಗುವುದು ಅದಕ್ಕೆ ನೆರವಾಗಬಹುದು.

ನಿಜವಾದ ಅಪಾಯ ಯಾವುದು?

ಮೈಯ ಶಾಖ ಕಳೆದುಹೋಗುವುದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಪುಟ್ಟ ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು, ಹಾಗಾಗಿ ಬೇಗ ತಣ್ಣಗಾಗುತ್ತಾರೆ. ಅದರಲ್ಲೂ ಗಾಡಿಯಲ್ಲಿ ಕೂತ ಮಗು ಓಡಾಡುವುದಿಲ್ಲ. ತಳ್ಳುತ್ತಿರುವ ಅಪ್ಪನಿಗೆ ಬೆವರುತ್ತಿದ್ದರೂ ಮಗುವಿಗೆ ಚಳಿಯಾಗುತ್ತಿರಬಹುದು.

ವರ್ಷದ ಒಟ್ಟು ಮಳೆ ನೋಡಿದರೆ ಹೆಲ್ಸಿಂಕಿಯದು ಬೆಂಗಳೂರಿಗಿಂತ ಕಡಿಮೆ. ಆದರೆ ಅಕ್ಟೋಬರ್‌ನಲ್ಲಿ ಹಗಲಲ್ಲೂ 10 ಡಿಗ್ರಿ ದಾಟುವುದು ಕಷ್ಟ. ಮಂಗಳೂರಿನ ಮಳೆಗೆ ಹಾಕುವ ಹತ್ತಿ ಬಟ್ಟೆ ಅಲ್ಲಿ ನಡೆಯುವುದಿಲ್ಲ. ಹತ್ತಿ ನೀರು ಹಿಡಿದಿಟ್ಟುಕೊಂಡು ಮೈಯನ್ನು ತಣ್ಣಗೆ ಮಾಡುತ್ತದೆ.

ಅಲ್ಲಿನವರು ಏನು ಮಾಡುತ್ತಾರೆ?

“ಕೆಟ್ಟ ಹವೆ ಎಂಬುದಿಲ್ಲ, ಇರುವುದು ಸರಿಯಿಲ್ಲದ ಬಟ್ಟೆ ಮಾತ್ರ” ಎಂಬುದು ನಾರ್ಡಿಕ್ ದೇಶಗಳಲ್ಲಿ ಮನೆಮಾತು. ಫಿನ್ಲೆಂಡ್‌ನಲ್ಲಿ ಕೂಸುಗಳನ್ನು ಬೆಚ್ಚಗೆ ಹೊದಿಸಿ, ಚಳಿಗಾಲದಲ್ಲೂ ಹೊರಗೆ ಗಾಡಿಯಲ್ಲೇ ಮಲಗಿಸುವ ರೂಢಿಯಿದೆ. ಮಳೆಯಲ್ಲಿ ಆಡುವ ಮಕ್ಕಳಿಗೆ ಒಳಗೆ ಉಣ್ಣೆ, ಅದರ ಮೇಲೆ ಫ್ಲೀಸ್, ಹೊರಗೆ ನೀರಿಳಿಯದ ಪ್ಯಾಂಟು-ಜಾಕೆಟ್, ಕಾಲಿಗೆ ರಬ್ಬರ್ ಬೂಟು ಹಾಕುತ್ತಾರೆ. ಇವೆಲ್ಲ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲೂ ಸಿಗುತ್ತವೆ.

ಖರ್ಚಿಲ್ಲದೆ ಒಣಗಿರುವುದು ಹೇಗೆ?

ಒಂದು ಗಂಟೆ ಹೊರಗೆ, ನಂತರ ಬೆಚ್ಚನೆಯ ಒಂದು ಜಾಗ. ಹೀಗೆ ದಿನವನ್ನು ಹಂಚಿಕೊಳ್ಳಿ.

• ಸಂಸತ್ ಭವನದ ಎದುರಿಗಿರುವ ಊಡಿ ಗ್ರಂಥಾಲಯ 2018ರ ಡಿಸೆಂಬರ್‌ನಲ್ಲಿ ತೆರೆಯಿತು. ಪ್ರವೇಶ ಉಚಿತ, ಮೂರನೇ ಮಹಡಿಯಲ್ಲಿ ಮಕ್ಕಳ ವಿಭಾಗವಿದೆ.

• ಹೆಲ್ಸಿಂಕಿಯ ಬಸ್, ಟ್ರಾಮ್, ಮೆಟ್ರೋಗಳಲ್ಲಿ 7 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಈ ವಯಸ್ಸಿನ ಮಗುವನ್ನು ಗಾಡಿಯಲ್ಲಿ ಕೂರಿಸಿ ತಳ್ಳುವವರಿಗೂ ಉಚಿತ. ಹೊರಡುವ ಮುನ್ನ ನಿಯಮ ಒಮ್ಮೆ ನೋಡಿಕೊಳ್ಳಿ.

• ಸುವೊಮೆನ್‌ಲಿನ್ನಾ ಕೋಟೆ ದ್ವೀಪಕ್ಕೆ ಹೋಗುವ ದೋಣಿಗೂ ನಗರ ಸಾರಿಗೆಯ ಟಿಕೆಟ್ಟೇ ಸಾಕು. ಆದರೆ ಅಲ್ಲಿ ಗಾಳಿ ಜೋರು, ಕಲ್ಲುಹಾಸಿನ ದಾರಿಯಲ್ಲಿ ಗಾಡಿ ತಳ್ಳುವುದು ಸಾಹಸ. ಸೋನೆ ನಿಂತ ದಿನಕ್ಕೆ ಇಟ್ಟುಕೊಳ್ಳಿ.

• ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಕಿಲ್ಲ.

ಚೀಲದಲ್ಲಿ ಏನಿರಬೇಕು, ಏನಿರಬಾರದು?

ಎರಡು ಜೊತೆ ಒಣ ಕಾಲುಚೀಲ, ಒಂದು ಜೊತೆ ಬಟ್ಟೆ, ಚಿಕ್ಕ ಟವೆಲ್ ಇರಲಿ. ಗಾಡಿಯ ಮಳೆ ಹೊದಿಕೆಯೊಳಗೆ ಗಾಳಿಯಾಡುತ್ತಿರಲಿ, ಒಳಗೆ ಹೋದ ತಕ್ಷಣ ತೆಗೆಯಿರಿ.

ಊರಿನಿಂದ ತಂದ ಶೀತದ ಸಿರಪ್ಪನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಭಾರತದ ಔಷಧ ನಿಯಂತ್ರಕರೇ 2023ರಲ್ಲಿ ಸೂಚಿಸಿದ್ದಾರೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಬೇಡ. ಮೈ ಬೆಚ್ಚಗಾಗಲೆಂದು ಬ್ರಾಂಡಿ ಹನಿ ಹಾಕುವುದಂತೂ ಬೇಡವೇ ಬೇಡ.

ಯಾವಾಗ ಒಳಗೆ ಹೋಗಬೇಕು?

ಕೈ ಮುಟ್ಟಿ ಅಂದಾಜು ಮಾಡಬೇಡಿ, ಕುತ್ತಿಗೆಯ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಅದು ತಣ್ಣಗಿದ್ದರೆ ಅಥವಾ ಮಗು ನಡುಗುತ್ತಿದ್ದರೆ ತಕ್ಷಣ ಒಳಗೆ ಹೋಗಿ ಒದ್ದೆ ಬಟ್ಟೆ ತೆಗೆದು ಒರೆಸಿ, ಬೆಚ್ಚಗೆ ಹೊದಿಸಿ. ಮಗು ಮಂಕಾಗಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ 112ಕ್ಕೆ ಕರೆ ಮಾಡಿ.

ಕೊನೆಯ ಮಾತು

ಅಜ್ಜಿಯ ಕಾಳಜಿ ಸುಳ್ಳಲ್ಲ, ಸಂದೇಶದ ಕಾರಣ ಮಾತ್ರ ತಪ್ಪು. ಮುಂದಿನ ಸಲ ಅದು ನಿಮ್ಮ ಗ್ರೂಪಿಗೆ ಬಂದಾಗ, “ಮಳೆಗೆ ಬಿಡಬೇಡಿ” ಎಂಬುದನ್ನು “ಒದ್ದೆಯಲ್ಲಿ ಬಿಡಬೇಡಿ, ಕೈ ತೊಳೆಸಿ” ಎಂದು ತಿದ್ದಿ ಕಳಿಸಿ.