ಜ್ವರಕ್ಕೆ ಕೂತ ಹುಳು, ಕುಸಿದು ಬಿದ್ದ ನಾಯಿ

ಕನಕಪುರ, ಮಾಗಡಿ ಕಡೆಯ ಹುಳುಮನೆಗಳಲ್ಲಿ ರೇಷ್ಮೆಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡಲು ಅಣಿಯಾದರೆ, ಸೊಪ್ಪು ಹಾಕುವುದು ನಿಲ್ಲುತ್ತದೆ. ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ. ತಲೆ ಎತ್ತಿ ಹಿಡಿದ ಹುಳು ಸುಮಾರು ಒಂದು ದಿನ ಅಲುಗುವುದಿಲ್ಲ. ಒಳಗೆ ಹೊಸ ಚರ್ಮ ತಯಾರಾಗುತ್ತಿರುತ್ತದೆ. ಗೂಡು ಕಟ್ಟುವ ಮೊದಲು ಹೀಗೆ ನಾಲ್ಕು ಸಲ. ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆಯೇ ಮತ್ತೆ ಸೊಪ್ಪು. ಅವಸರಪಟ್ಟರೆ ಮೊದಲೆದ್ದವು ತಿಂದು ಮುಂದೆ ಹೋಗುತ್ತವೆ, ಬೆಳೆ ಏರುಪೇರಾಗುತ್ತದೆ.

ಇದನ್ನು ನಿದ್ದೆ ಎನ್ನಬಹುದೇ?

ಎನ್ನಲು ಆಧಾರವಿದೆ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರಿನ ದುಂಡುಹುಳುವೂ ಪೊರೆ ಬಿಡುವ ಹೊತ್ತಿಗೆ ಹೀಗೇ ಸ್ತಬ್ಧವಾಗುತ್ತದೆ. ಆ ಹೊತ್ತಿನಲ್ಲಿ ಕೆಣಕಿದರೆ ತಡವಾಗಿ ಮಿಸುಕುತ್ತದೆ, ವಿಶ್ರಾಂತಿ ತಪ್ಪಿಸಿದರೆ ಆಮೇಲೆ ಇನ್ನಷ್ಟು ಗಾಢವಾಗಿ ಮಲಗುತ್ತದೆ. 2008ರಲ್ಲಿ ವಿಜ್ಞಾನಿಗಳು ಅದನ್ನು ನಿದ್ದೆಗೆ ಸಮನಾದ ಸ್ಥಿತಿ ಎಂದು ತೋರಿಸಿದರು. ಅದಕ್ಕಿರುವುದು 302 ನರಕೋಶ. ಮಲಗಿಸುವ ಕೆಲಸದಲ್ಲಿ ಅವುಗಳ ಪೈಕಿ ಒಂದರದೇ ದೊಡ್ಡ ಪಾತ್ರ. ರೇಷ್ಮೆಹುಳುವಿನಲ್ಲೂ ಪೊರೆ ಬಿಡುವ ಅಪ್ಪಣೆ ಹೊರಡುವುದು ಮಿದುಳಿನ ಬೆರಳೆಣಿಕೆಯ ಕೋಶಗಳು ಸುರಿಸುವ ಹಾರ್ಮೋನಿನಿಂದ.

ಹಾಗಾದರೆ ದೊಡ್ಡ ಪ್ರಾಣಿಗಳ ಮಿದುಳಿನಲ್ಲೂ ಎಚ್ಚರದ ಸ್ವಿಚ್ಚೊಂದು ಇರಬೇಕಲ್ಲ! 1949ರಲ್ಲಿ ವಿಜ್ಞಾನಿಗಳಾದ ಮೊರುಝಿ ಮತ್ತು ಮ್ಯಾಗೂನ್ ಬೆಕ್ಕಿನ ಮಿದುಳುಕಾಂಡಕ್ಕೆ ವಿದ್ಯುತ್ ಹರಿಸಿದಾಗ ಮಂಪರಿನ ನಿಧಾನ ಅಲೆಗಳು ಎಚ್ಚರದ ಚುರುಕು ಅಲೆಗಳಾದವು. ಅದಕ್ಕೂ ಮುಂಚೆ ವಿಯೆನ್ನಾದ ವೈದ್ಯ ಫಾನ್ ಎಕೊನೊಮೊ, ಮಿದುಳುಜ್ವರದಿಂದ ಸತ್ತವರನ್ನು ಪರೀಕ್ಷಿಸಿ, ಮಿದುಳಿನ ಹೈಪೊಥಲಾಮಸ್ ಎಂಬ ಭಾಗದ ಹಿಂಬದಿ ಕೆಟ್ಟವರು ತೂಕಡಿಸುತ್ತಿದ್ದರು, ಮುಂಬದಿ ಕೆಟ್ಟವರಿಗೆ ನಿದ್ದೆಯೇ ಬರುತ್ತಿರಲಿಲ್ಲ ಎಂದು ಕಂಡುಕೊಂಡಿದ್ದ. ಅಲ್ಲಿಗೇ ಸ್ವಿಚ್ಚು ಒಂದಲ್ಲ, ಎರಡಾಯಿತು.

ಸ್ವಿಚ್ಚಿನ ಹೋಲಿಕೆಯನ್ನು ಪೂರ್ತಿ ಕೆಡಿಸಿದ್ದು ನಾಯಿಗಳು. 1998ರಲ್ಲಿ ಒರೆಕ್ಸಿನ್ ಎಂಬ ನರರಾಸಾಯನಿಕ ಪತ್ತೆಯಾಯಿತು. ಮರುವರ್ಷ ಸ್ಟ್ಯಾನ್‌ಫರ್ಡಿನ ನಾಯಿಗಳಲ್ಲಿ, ಅದನ್ನು ಗ್ರಹಿಸುವ ಜೀನ್ ಕೆಟ್ಟಿದ್ದೇ ನಾರ್ಕೊಲೆಪ್ಸಿ ಎಂಬ ನಿದ್ದೆಯ ಕಾಯಿಲೆಗೆ ಕಾರಣವೆಂದು ಗೊತ್ತಾಯಿತು. ಅವೇನು ಸದಾ ಮಲಗಿರುತ್ತಿರಲಿಲ್ಲ. ಏಳುತ್ತಿದ್ದವು, ಓಡುತ್ತಿದ್ದವು, ಇಷ್ಟದ ತಿಂಡಿ ಕಂಡ ಖುಷಿಗೆ ಕಾಲು ಸೋತು ಕುಸಿಯುತ್ತಿದ್ದವು. ಎಚ್ಚರವಾಗುವುದು ಒಂದು ಕೆಲಸ, ಎಚ್ಚರವನ್ನು ಹಿಡಿದಿಡುವುದು ಇನ್ನೊಂದು; ಮಿದುಳಿನಲ್ಲಿ ಎರಡಕ್ಕೂ ಬೇರೆ ಬೇರೆ ಏರ್ಪಾಡು.

ಮೂರನೆಯ ಕೆಲಸವೂ ಇದೆ, ಎಚ್ಚರವಾಗಿರುವುದನ್ನು ಚಟುವಟಿಕೆಗೆ ಇಳಿಸುವುದು; ಅದನ್ನು ನೋಡಲು ರೇಷ್ಮೆಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೇ ಬರಬೇಕು. ಗೂಡಿನಿಂದ ಹೊರಬಂದ ಗಂಡು ಚಿಟ್ಟೆ ಎಚ್ಚರವಾಗಿದ್ದರೂ ಸುಮ್ಮನೆ ಕೂತಿರುತ್ತದೆ. ಹೆಣ್ಣಿನ ವಾಸನೆ ತಾಗಿತೋ, ರೆಕ್ಕೆ ಪಟಪಟಿಸುತ್ತಾ ಅಡ್ಡಾದಿಡ್ಡಿ ನಡೆದು ಹುಡುಕಲು ಹೊರಡುತ್ತದೆ. 1959ರಲ್ಲಿ ರಸಾಯನವಿಜ್ಞಾನಿ ಬ್ಯೂಟೆನಾಂಟ್ ಬಾಂಬಿಕಾಲ್ ಎಂದು ಗುರುತಿಸಿದ್ದು ಈ ವಾಸನೆಯನ್ನೇ. ಎಡಕ್ಕೋ ಬಲಕ್ಕೋ ತಿರುಗಿಸುವ ನರಕೋಶಗಳನ್ನು ಜಪಾನಿನ ಸಂಶೋಧಕರು ಈ ಚಿಟ್ಟೆಯ ಮಿದುಳಿನಲ್ಲಿ ಗುರುತಿಸಿದ್ದಾರೆ. ವಾಸನೆ ನಿಂತ ಮೇಲೂ ಅವುಗಳ ಚಟುವಟಿಕೆ ಸ್ವಲ್ಪ ಹೊತ್ತು ಮುಂದುವರಿಯುತ್ತದೆ.