ದಿನಕ್ಕೊಂದು ಗುಳಿಗೆ: ಯಾರ ಹಿತಕ್ಕೆ?

ಈಚಿನ ವರ್ಷಗಳಲ್ಲಿ ಮುಂಬಯಿಯ ನಮ್ಮವರ ಮನೆಗಳಲ್ಲಿ ಉಪ್ಪಿನಕಾಯಿ ಭರಣಿಯ ಪಕ್ಕಕ್ಕೆ ಇನ್ನೊಂದು ಶೀಶೆ ಬಂದು ಕುಳಿತಿದೆ. ಹೊರಗೆ ಬಣ್ಣದ ಚೀಟಿ, ಒಳಗೆ ಅರುವತ್ತು ಗುಳಿಗೆ, ಬೆನ್ನಿಗೆ ಇಪ್ಪತ್ತು ಇಪ್ಪತ್ತೈದು ಸತ್ವಗಳ ಹೆಸರಿನ ಪಟ್ಟಿ. ಬೆಳಿಗ್ಗೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಲೋಕಲ್ ಗಾಡಿ ಹಿಡಿಯಲು ಹೊರಡುವ ಗೃಹಸ್ಥರು ಒಂದನ್ನು ಬಾಯಿಗೆ ಹಾಕಿ ನೀರು ಕುಡಿದು, ಆ ದಿನದ ಆರೋಗ್ಯದ ಕಂದಾಯ ಸಲ್ಲಿಸಿದೆವೆಂಬ ನೆಮ್ಮದಿಯಲ್ಲಿ ಮೆಟ್ಟಿಲಿಳಿಯುತ್ತಾರೆ. ಮದುವೆ, ಮುಂಜಿ, ಸಂಘದ ಸಭೆ, ಎಲ್ಲಿ ಸೇರಿದರೂ ನಲುವತ್ತು ದಾಟಿದವರ ಕುಶಲಪ್ರಶ್ನೆ ಈಗ ಒಂದೇ: “ನೀವು ಯಾವುದು ತಗೊಳ್ತೀರಿ?” ಏನೂ ಇಲ್ಲವೆಂದರೆ, ಜೀವವಿಮೆ ಮಾಡಿಸದವನನ್ನು ನೋಡುವಂತೆ ನೋಡುತ್ತಾರೆ.

ಈ ಅಭ್ಯಾಸದ ಬಗ್ಗೆ ನನ್ನ ತಕರಾರನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಹೊತ್ತಿಗೆ ಸರಿಯಾಗಿ ಬಗೆಬಗೆಯ ಊಟ ಸಿಗುವ, ಹೇಳಿಕೊಳ್ಳುವಂಥ ಕಾಯಿಲೆಯಿಲ್ಲದ ಮನುಷ್ಯನಿಗೆ ಈ ಸರ್ವಸತ್ವದ ಗುಳಿಗೆಯಿಂದ ಆಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ. ದುಡ್ಡು ದಂಡವಾಯಿತೆಂಬುದು ಸಣ್ಣ ದೂರು. ದೊಡ್ಡ ದೂರೆಂದರೆ, ನಮ್ಮ ಮನೆಗಳಲ್ಲಿ ನಿಜವಾಗಿ ಇರುವ ಕೊರತೆಗಳನ್ನು ಆ ಶೀಶೆ ಕಣ್ಣಿಗೆ ಬೀಳದಂತೆ ಮಾಡುತ್ತಿದೆ. ಬೇಡದವರು ಬೇಡದ್ದನ್ನು ನುಂಗುತ್ತಿದ್ದಾರೆ. ಬೇಕಾದವರಿಗೆ ಬೇಕಾದದ್ದು ಸಿಗುತ್ತಿಲ್ಲ.

ಜೀವಸತ್ವಗಳ ಶೋಧದಿಂದ ಮನುಕುಲಕ್ಕಾದ ಉಪಕಾರವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ನಯ ಮಾಡಿದ ಬಿಳಿ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸೋಲುವುದನ್ನು ಡಚ್ ವೈದ್ಯ ಐಕ್ಮನ್ 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಕಂಡರು. ತವುಡು ಕೊಟ್ಟೊಡನೆ ಅವು ಚೇತರಿಸಿಕೊಂಡವು. ಮನುಷ್ಯರ ಬೆರಿಬೆರಿ ರೋಗದ ಮೂಲ ಹೀಗೆ ಗೊತ್ತಾಯಿತು. ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು. ಇಂಥ ವಸ್ತುಗಳಿಗೆ ‘ವಿಟಮಿನ್’ ಎಂಬ ಹೆಸರನ್ನು 1912ರಲ್ಲಿ ಟಂಕಿಸಿದವರು ಕಾಸಿಮಿರ್ ಫಂಕ್. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಗುಟ್ಟೂ ಇದೇ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನಲ್ಲಿರುವ ಬಿ-1 ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಗಿರಣಿಯಲ್ಲಿ ತವುಡು ಹೋದರೂ ಸತ್ವದ ಒಳ್ಳೆಯ ಪಾಲು ಅನ್ನದಲ್ಲಿ ಉಳಿಯುತ್ತದೆ. ವಿಟಮಿನ್ನಿನ ಹೆಸರೇ ಹುಟ್ಟದಿದ್ದ ಕಾಲದಲ್ಲಿ ನಮ್ಮ ಅಜ್ಜಿಯಂದಿರು ಬಡಿಸಿದ ಗಂಜಿಯಲ್ಲಿ ವಿಟಮಿನ್ ಇತ್ತು.

ಈ ಚರಿತ್ರೆಯಲ್ಲಿ ನಾವಿರುವ ಊರಿಗೂ ಗೌರವದ ಸ್ಥಾನವಿದೆ. 1928ರಲ್ಲಿ ಮುಂಬಯಿಗೆ ಬಂದ ಇಂಗ್ಲಿಷ್ ವೈದ್ಯೆ ಲೂಸಿ ವಿಲ್ಸ್ ಇಲ್ಲಿಯ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ತೀವ್ರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಸತ್ವವೇ ಮುಂದೆ ಫೋಲಿಕ್ ಆಮ್ಲ ಎನಿಸಿತು. ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಿದವರು, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಆ ಹೆಸರಿಟ್ಟರು. ಬೆನ್ನುಹುರಿಯ ದೋಷವಿದ್ದ ಮಗುವನ್ನು ಒಮ್ಮೆ ಹೊತ್ತ ತಾಯಂದಿರು ಮುಂದಿನ ಗರ್ಭಕ್ಕೆ ಮೊದಲೇ ಈ ಮಾತ್ರೆ ತೆಗೆದುಕೊಂಡರೆ ಆ ದೋಷ ಶೇಕಡಾ 72ರಷ್ಟು ಕಡಿಮೆಯಾಗುತ್ತದೆಂದು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿಯ ಪರೀಕ್ಷೆ ತೋರಿಸಿತು. ಮಾತ್ರೆಯ ಉಪಕಾರವೆಂದರೆ ಇದು.

ಆದರೆ ಗಮನಿಸಬೇಕು: ಇವೆಲ್ಲ ಕೊರತೆ ಇದ್ದವರ, ಇಲ್ಲವೆ ಹೆಚ್ಚು ಬೇಕಾದವರ ಕಥೆಗಳು. ಎಣ್ಣೆ ತೀರಿದ ದೀಪಕ್ಕೆ ಎಣ್ಣೆ ಹೊಯ್ದರೆ ಬೆಳಕು ಮರಳುತ್ತದೆ. ತುಂಬಿದ ಹಣತೆಗೆ ಇನ್ನಷ್ಟು ಹೊಯ್ದರೆ ಬೆಳಕು ಇಮ್ಮಡಿಯಾಗುವುದಿಲ್ಲ, ನೆಲ ಜಿಡ್ಡಾಗುತ್ತದೆ. ಗುಳಿಗೆಯ ವ್ಯಾಪಾರ ನಿಂತಿರುವುದೇ ಈ ಎರಡು ಹಣತೆಗಳ ವ್ಯತ್ಯಾಸವನ್ನು ನಾವು ಮರೆಯುವುದರ ಮೇಲೆ.

ತುಂಬಿದ ಹಣತೆಗೆ ಎಣ್ಣೆ ಹೊಯ್ದು ನೋಡಿದವರೂ ಇದ್ದಾರೆ. ಫಿನ್‌ಲೆಂಡಿನಲ್ಲಿ ಬೀಡಿ ಸಿಗರೇಟು ಸೇದುವ 29 ಸಾವಿರ ಗಂಡಸರ ಮೇಲೆ ನಡೆದ ಪರೀಕ್ಷೆಯಲ್ಲಿ ಬೀಟಾ ಕೆರೋಟಿನ್ ಮಾತ್ರೆ ತೆಗೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚು ಬಂತೆಂದು 1994ರಲ್ಲಿ ಪ್ರಕಟವಾಯಿತು. ಅಂಥದೇ ಫಲ ಕಂಡು ಅಮೆರಿಕದವರು 1996ರಲ್ಲಿ ತಮ್ಮ ಪರೀಕ್ಷೆಯನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 25 ಸಾವಿರಕ್ಕೂ ಮಿಕ್ಕಿದ ಜನರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ಕೊಟ್ಟು ನೋಡಿದ ಪರೀಕ್ಷೆಯಲ್ಲಿ ಹೃದಯಾಘಾತವಾಗಲಿ ಕ್ಯಾನ್ಸರಾಗಲಿ ತಗ್ಗಲಿಲ್ಲವೆಂದು 2018ರಲ್ಲಿ ತಿಳಿದುಬಂತು. 2024ರಲ್ಲಿ ಅಮೆರಿಕದ ಸುಮಾರು 3,90,000 ಆರೋಗ್ಯವಂತರ ಇಪ್ಪತ್ತು ವರ್ಷಗಳಿಗೂ ಹೆಚ್ಚಿನ ಲೆಕ್ಕವನ್ನು ತಾಳೆ ನೋಡಿದಾಗ, ದಿನನಿತ್ಯ ಬಹುಸತ್ವದ ಗುಳಿಗೆ ನುಂಗಿದವರು ನುಂಗದವರಿಗಿಂತ ಹೆಚ್ಚು ಬದುಕಿದ್ದು ಕಾಣಲಿಲ್ಲ.

ಎದುರು ಪಕ್ಷದ ಮಾತನ್ನೂ ಮುಚ್ಚಿಡಬಾರದು. ಅಮೆರಿಕದ ವೈದ್ಯರನ್ನೇ ಹತ್ತು ವರ್ಷಕ್ಕೂ ಮೀರಿ ಪರೀಕ್ಷಿಸಿದ 2012ರ ವರದಿಯಲ್ಲಿ ಗುಳಿಗೆ ನುಂಗಿದವರಿಗೆ ಕ್ಯಾನ್ಸರ್ ಶೇಕಡಾ 8ರಷ್ಟು ಕಡಿಮೆ ಬಂದಿತ್ತು, ಹೃದ್ರೋಗದಲ್ಲಿ ವ್ಯತ್ಯಾಸವಿರಲಿಲ್ಲ. ವೃದ್ಧರ ನೆನಪಿನ ಶಕ್ತಿಗೆ ಅಲ್ಪ ಸಹಾಯವಾಯಿತೆಂದು ಈಚಿನ ಕೆಲವು ಪರೀಕ್ಷೆಗಳು ಹೇಳಿವೆ. ಇವನ್ನೆಲ್ಲ ತೂಗಿ ನೋಡಿದ ಅಮೆರಿಕದ ತಜ್ಞರ ಸಮಿತಿ 2022ರಲ್ಲಿ ಕೊಟ್ಟ ತೀರ್ಪೇನು? ಬಹುಸತ್ವದ ಗುಳಿಗೆ ಕ್ಯಾನ್ಸರನ್ನೂ ಹೃದ್ರೋಗವನ್ನೂ ತಡೆಯುತ್ತದೆನ್ನಲು ಆಧಾರ ಸಾಲದು. ಬೀಟಾ ಕೆರೋಟಿನ್ ಮತ್ತು ವಿಟಮಿನ್ ಇ ಅದಕ್ಕಾಗಿ ಬೇಡವೇ ಬೇಡ. ಇಷ್ಟು ದುರ್ಬಲವಾದ ಸಾಕ್ಷ್ಯವನ್ನು ನೆಚ್ಚಿ ನಾವು ಮನೆಯ ಜಾಗವನ್ನೂ ಕೊಳ್ಳುವುದಿಲ್ಲ, ಮಗಳಿಗೆ ಗಂಡನ್ನೂ ನೋಡುವುದಿಲ್ಲ!

“ನಷ್ಟವೇನು ಮಹಾರಾಯರೇ? ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ” ಎನ್ನುತ್ತಾರೆ. ಬಿ ಮತ್ತು ಸಿ ಸತ್ವಗಳ ಮಟ್ಟಿಗೆ ಇದು ಬಹುಪಾಲು ನಿಜ. ಗುಳಿಗೆ ನುಂಗಿದ ದಿನ ಕಾಣುವ ಗಾಢ ಹಳದಿ ಬಣ್ಣ ಬಿ-2 ಸತ್ವದ್ದು. ನಮ್ಮ ಸಂಬಳದ ಒಂದಂಶ ಹೋಗುತ್ತಿರುವ ದಾರಿ ಅದು. ಆದರೆ ಎ, ಡಿ, ಇ, ಕೆ ಸತ್ವಗಳು ಕೊಬ್ಬಿನಲ್ಲಿ ಕರಗುವಂಥವು, ಮೈಯಲ್ಲಿ ಶೇಖರವಾಗುತ್ತವೆ. ವಾರಕ್ಕೊಂದರಂತೆ ಕೆಲವೇ ವಾರ ತೆಗೆದುಕೊಳ್ಳಲು ವೈದ್ಯರು ಬರೆದುಕೊಡುವ 60,000 ಯೂನಿಟ್ಟಿನ ಡಿ ಪುಡಿಯನ್ನು ದಿನಕ್ಕೊಂದರಂತೆ ತಿಂದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡಕ್ಕೇ ಕುತ್ತು ಬರಬಹುದು. ನೀರಿನಲ್ಲಿ ಕರಗುವ ಬಿ-6 ಕೂಡ ಬಹುಕಾಲ ಅತಿಯಾದರೆ ನರಗಳನ್ನು ಕೆಡಿಸುತ್ತದೆ.

“ಪರಸ್ಥಳದಲ್ಲಿದ್ದೇವೆ, ಊರಿನ ಹಿತ್ತಲಿನ ಸೊಪ್ಪು ತರಕಾರಿ ಇಲ್ಲೆಲ್ಲಿ?” ಎಂಬುದು ಇನ್ನೊಂದು ಸಮಾಧಾನ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಹಿತ್ತಲೇ ಇಲ್ಲದ ಮೇಲೂ ನಾವು ಬಿಟ್ಟಿಲ್ಲ. ಮಾಟುಂಗದ ಮಾರ್ಕೆಟಿನಲ್ಲಿ ನುಗ್ಗೆ ಸೊಪ್ಪಿದೆ. ನಮ್ಮ ರಾಗಿ ಇಲ್ಲಿ ನಾಚಣಿ ಎಂಬ ಹೆಸರಿನಲ್ಲಿ ಪ್ರತಿ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ, ಅಷ್ಟೇ ತೂಕದ ಹಾಲಿನಲ್ಲಿರುವುದರ ಹೆಚ್ಚುಕಡಿಮೆ ಮೂರರಷ್ಟು. ಸ್ಟೇಷನ್ನಿನ ಹೊರಗೆ ಬುಟ್ಟಿಯಲ್ಲಿ ಮಾರುವ ಪೇರೂ, ಅಂದರೆ ನಮ್ಮ ಸೀಬೆ ಅಥವಾ ಪೇರಳೆ, 100 ಗ್ರಾಮಿಗೆ 200 ಮಿಲಿಗ್ರಾಮಿಗೂ ಮೀರಿದ ಸಿ ಸತ್ವ ಕೊಡುತ್ತದೆ. ವಯಸ್ಕ ಗಂಡಸಿಗೆ ದಿನಕ್ಕೆ 80 ಸಾಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2020ರಲ್ಲಿ ಹೇಳಿದೆ. ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಎರಡರಲ್ಲೂ ಡಿ ಸತ್ವವೂ ಇದೆ, ಬಿ-12 ಕೂಡ ಇದೆ.

ಹಾಗಾದರೆ ನಮಗೆ ಕೊರತೆಯೇ ಇಲ್ಲವೆ? ಇದೆ, ಮತ್ತು ಅದೇ ನನ್ನ ಮುಖ್ಯ ಮಾತು. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು 441 ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂವರಲ್ಲಿ ಇಬ್ಬರಿಗೆ ಬಿ-12 ಕಡಿಮೆಯಿತ್ತು. ಪಟ್ಟಣದ ಮಧ್ಯಮ ವರ್ಗದಲ್ಲಂತೂ ಐವರಲ್ಲಿ ನಾಲ್ವರಿಗೆ. ಈ ಸತ್ವ ಸೊಪ್ಪು ಕಾಳುಗಳಲ್ಲಿ ಇಲ್ಲ. ಶಾಕಾಹಾರಿಗೆ ಹಾಲು ಮೊಸರಿನಿಂದಲೇ ಬರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರಲ್ಲಿ ಇದು ಇನ್ನೂ ಇಳಿಯುತ್ತದೆ. ಅಂಗಾಲು ಜುಮ್ಮೆನ್ನುವುದು, ನಡಿಗೆ ತಪ್ಪುವುದು, ಮರೆವು, ಇವನ್ನು ನಾವು “ವಯಸ್ಸಾಯಿತಲ್ಲ” ಎಂದು ತಳ್ಳಿಹಾಕುತ್ತೇವೆ. ಇಂಥವರು ಬಿ-12 ತೆಗೆದುಕೊಳ್ಳಲೇಬೇಕು. ಎಷ್ಟು, ಮಾತ್ರೆಯೋ ಚುಚ್ಚುಮದ್ದೋ ಎಂಬುದನ್ನು ರಕ್ತ ನೋಡಿ ವೈದ್ಯರು ಹೇಳಬೇಕು. ತಾವಾಗಿಯೇ ಏನೇನೋ ನುಂಗುವವರಿಗೆ ಇಲ್ಲೊಂದು ಅಪಾಯವೂ ಇದೆ: ಹೆಚ್ಚು ಪ್ರಮಾಣದ ಫೋಲಿಕ್ ಆಮ್ಲ ರಕ್ತಹೀನತೆಯನ್ನಷ್ಟೇ ಸರಿಪಡಿಸಿ, ಬಿ-12 ಕೊರತೆಯಿಂದ ಒಳಗೊಳಗೇ ನಡೆಯುವ ನರಗಳ ಹಾನಿಯನ್ನು ಮರೆಮಾಚಬಲ್ಲದು.

ಡಿ ಸತ್ವದ ಮಾತೂ ಹೀಗೆಯೇ. ದೆಹಲಿಯ ಆರೋಗ್ಯವಂತರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಸಿಲಿನಲ್ಲಿ ದುಡಿಯುವ ಸೈನಿಕರ ಮಟ್ಟ ಮೇಲಿತ್ತು, ಆಸ್ಪತ್ರೆಯ ಒಳಗೇ ಇರುವ ವೈದ್ಯರದೂ ದಾದಿಯರದೂ ಬಹಳ ಕೆಳಗಿತ್ತು. ಹದಿನಾಲ್ಕನೆಯ ಮಾಳಿಗೆಗೆ ಊರಿನಿಂದ ಕರೆತಂದು ಕೂರಿಸಿದ ತಾಯಿತಂದೆಯರನ್ನು ದಿನಕ್ಕೊಮ್ಮೆ ಕೆಳಗಿನ ಬಿಸಿಲಿಗೆ ಇಳಿಸುವವರು ನಮ್ಮಲ್ಲಿ ಎಷ್ಟು ಮಂದಿ? ಅವರ ತಲೆದಿಂಬಿನ ಬಳಿ ಒಂದು ಶೀಶೆ ಇಟ್ಟರೆ ಮಗನ ಕರ್ತವ್ಯ ತೀರಿತೆ?

ಎಲ್ಲಕ್ಕಿಂತ ಹೆಚ್ಚಿನ ಅನ್ಯಾಯ ಹೆಂಗಸರ ಪಾಲಿನದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿ ರಕ್ತಹೀನರು. ಗಂಡಸರಲ್ಲಿ ಶೇಕಡಾ 25. ಈಗ ನಮ್ಮ ಮನೆಗಳನ್ನು ನೋಡಿ. ವಿದೇಶದಿಂದ ಅಳಿಯ ತಂದ ದೊಡ್ಡ ಶೀಶೆ ಯಜಮಾನರಿಗೆ, ಬಣ್ಣದ ಟಾನಿಕ್ ಮಕ್ಕಳಿಗೆ. ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಳಿದದ್ದನ್ನು ಉಂಡು, ಊಟದ ಬೆನ್ನಿಗೇ ಚಹಾ ಕುಡಿದು ಇದ್ದ ಕಬ್ಬಿಣದಂಶವೂ ಮೈಗೆ ಹತ್ತದಂತೆ ಮಾಡಿಕೊಳ್ಳುವ ಗೃಹಿಣಿಗೆ ಏನು? “ಸ್ವಲ್ಪ ಸುಸ್ತು, ಅಷ್ಟೇ” ಎಂಬ ಅವಳದೇ ಮಾತು. ಅವಳಿಗೆ ಬೇಕಾದ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಔಷಧದ ಅಂಗಡಿಯಲ್ಲಿ ಬಲು ಅಗ್ಗ; ಗರ್ಭಿಣಿಯರಿಗೆ ಸರ್ಕಾರಿ ದವಾಖಾನೆಯಲ್ಲಿ 180 ದಿನಗಳ ಮಟ್ಟಿಗೆ ಪುಕ್ಕಟೆ. ನಮ್ಮ ಪಾತ್ರೆ ತೊಳೆದು ಹೋಗುವ ಹೆಂಗಸಿನ ರಕ್ತದ ಮಟ್ಟವನ್ನಂತೂ ಕೇಳುವವರೇ ಇಲ್ಲ.

ಲೆಕ್ಕ ಹಾಕೋಣ. ತಲೆಗೆ ತಿಂಗಳಿಗೆ ಮುನ್ನೂರು ರೂಪಾಯಿ ಎಂದೇ ಹಿಡಿದರೆ ನಾಲ್ವರ ಸಂಸಾರಕ್ಕೆ ವರ್ಷಕ್ಕೆ 14,400 ರೂಪಾಯಿ. ಅದರಲ್ಲಿ ಮನೆಯವರೆಲ್ಲರ ರಕ್ತ ಪರೀಕ್ಷೆ ಮುಗಿದು, ಹಣ್ಣು ಸೊಪ್ಪಿಗೆ ಸಾಕಷ್ಟು ಉಳಿಯುತ್ತದೆ. ಅಂದಹಾಗೆ, ಶೀಶೆಯ ಚೀಟಿಯನ್ನು ಕನ್ನಡಕ ಹಾಕಿಕೊಂಡು ಒಮ್ಮೆ ಓದಿ. ಇದು ಔಷಧವಾಗಿ ಬಳಸುವುದಕ್ಕಲ್ಲ, ವೈವಿಧ್ಯದ ಆಹಾರಕ್ಕೆ ಬದಲಿಯೂ ಅಲ್ಲ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. 2016ರ ಸರ್ಕಾರಿ ನಿಯಮ ಹಾಗೆ ಮುದ್ರಿಸಲೇಬೇಕೆನ್ನುತ್ತದೆ. ಮಾರುವವನೇ ಇದು ಮದ್ದೂ ಅಲ್ಲ, ಊಟವೂ ಅಲ್ಲ ಎಂದು ಬರೆದುಕೊಟ್ಟ ಮೇಲೆ ನಾವು ಅದನ್ನು ಏನೆಂದು ನುಂಗುತ್ತಿದ್ದೇವೆ?

ಸಂಘದ ಪದಾಧಿಕಾರಿಗಳಿಗೆ ನನ್ನದೊಂದು ಬೇಡಿಕೆಯಿದೆ. ವಾರ್ಷಿಕ ಆರೋಗ್ಯ ಶಿಬಿರದ ದಿನ ಇಂಥ ಶೀಶೆ ಮಾರುವವರಿಗೆ ಸಭಾಗೃಹದಲ್ಲಿ ಮೇಜು ಕೊಡುವುದು ಬೇಡ. ಅವರ ಜಾಹೀರಾತು ಈ ಪತ್ರಿಕೆಯ ಹಿಂಬದಿಯ ಪುಟಕ್ಕೂ ಬೇಡ. ಖಜಾಂಚಿಗಳಿಗೆ ಈ ಮಾತು ರುಚಿಸಲಿಕ್ಕಿಲ್ಲ. ಆದರೆ ಆ ಮೇಜಿನ ಮೇಲೆ ಹಿಮೋಗ್ಲೋಬಿನ್ ಪರೀಕ್ಷೆ ನಡೆಯಲಿ, ಶಾಕಾಹಾರಿಗಳಿಗೂ ಅರುವತ್ತು ದಾಟಿದವರಿಗೂ ಬಿ-12 ಪರೀಕ್ಷೆಗೆ ರಿಯಾಯಿತಿ ಸಿಗಲಿ, ಫಲಿತಾಂಶ ನೋಡಿ ಹೇಳಲು ಸದಸ್ಯ ವೈದ್ಯರೊಬ್ಬರು ಕೂರಲಿ. ಕಡಿಮೆ ಕಂಡವರು ಯಾವ ಸತ್ವ ಕಡಿಮೆಯೋ ಅದನ್ನೇ ತೆಗೆದುಕೊಳ್ಳಲಿ, ಮಿಕ್ಕವರು ಊಟ ಮಾಡಲಿ. ಆ ದಿನದ ಸಾಲಿನಲ್ಲಿ ಮೊದಲು ನಮ್ಮ ಮನೆಯ ಹೆಂಗಸರು ನಿಲ್ಲಲಿ, ಅವರ ಜೊತೆಗೆ ನಮ್ಮ ಮನೆಗಳಲ್ಲಿ ದುಡಿಯುವ ಹೆಂಗಸರೂ ನಿಲ್ಲಲಿ. ಗೃಹಸ್ಥರು ಕೊನೆಗೆ ನಿಂತರೂ ನಡೆದೀತು. ಊಟದ ಪಂಕ್ತಿಯಲ್ಲಿ ಈವರೆಗೆ ಮೊದಲು ಕೂತವರು ಅವರೇ ಅಲ್ಲವೆ?