ಫೋಟೋದಲ್ಲಿ ಆರು ಮಂದಿ!

ರಾಕ್ ಬ್ಯಾಂಡ್ ಅಂದ ಕೂಡಲೇ ನಮ್ಮ ಹುಡುಗರ ಕಣ್ಣಿಗೆ ಬರೋದೇನು? ಬಣ್ಣಬಣ್ಣದ ಲೈಟು, ಹೊಗೆ, ಆಳೆತ್ತರದ ಸ್ಪೀಕರು, ಕಿರುಚುವ ಹುಡುಗಿಯರು! ಸ್ವಾಮೀ, ಈ ವಾರ ನಾನು ತೋರಿಸಲಿರುವ ಸ್ಟೇಜಿನಲ್ಲಿ ಅವು ಯಾವುವೂ ಇಲ್ಲ. ಆದರೆ ಆ ಸ್ಟೇಜಿಗೆ ಚಕ್ರಗಳಿದ್ದವು. ಯಾಕಂತೀರಾ? ಅದು ಕಲ್ಲಿದ್ದಲು ಸಾಗಿಸುವ ಲಾರಿ!

ಊರು ಇಂಗ್ಲೆಂಡಿನ ಲಿವರ್‌ಪೂಲ್. ದಿನ 1957ರ ಜೂನ್ 22, ಶನಿವಾರ. ದೊರೆ ಜಾನ್ ಆ ಊರಿಗೆ ಸನ್ನದು ಕೊಟ್ಟು 750 ವರ್ಷ ತುಂಬಿದ ಸಂಭ್ರಮ. ರೋಸ್‌ಬೆರಿ ಸ್ಟ್ರೀಟಿನ ಜನ ಬೀದಿಯಲ್ಲೇ ಪಾರ್ಟಿ ಇಟ್ಟುಕೊಂಡಿದ್ದರು. ಹಾಡೋಕೆ ಬಂದವರು ‘ಕ್ವಾರಿಮೆನ್’ ಎಂಬ ಹುಡುಗರ ತಂಡ. ಲೀಡರ್ ಓದುತ್ತಿದ್ದ ಸ್ಕೂಲು ಕ್ವಾರಿ ಬ್ಯಾಂಕ್, ಅದರಿಂದ ಬಂದ ಹೆಸರು. ಮೈಕಿಗೆ ಕರೆಂಟು? ಪಕ್ಕದ ಮನೆಯ ಕಿಟಕಿಯಿಂದ ಎಳೆದ ವೈರು!

ವಾದ್ಯಗಳ ವೈಭವ ಕೇಳಿ. ಪೀಟ್ ಶಾಟನ್ ಕೈಯಲ್ಲಿ ಬಟ್ಟೆ ಉಜ್ಜುವ ವಾಶ್‌ಬೋರ್ಡು. ಬೆರಳಿಗೆ ದರ್ಜಿಯ ಅಂಗುಸ್ತಾನ ಹಾಕಿಕೊಂಡು ಕರಕರ ಉಜ್ಜಿದರೆ ಅದೇ ತಾಳ. ಲೆನ್ ಗ್ಯಾರಿಯ ಬಳಿ ಟೀಪುಡಿ ತುಂಬುವ ಮರದ ಪೆಟ್ಟಿಗೆ; ಅದಕ್ಕೊಂದು ಕೋಲು, ಕೋಲಿಗೊಂದು ಹುರಿ, ಅದೇ ಬೇಸ್! ರಾಡ್ ಡೇವಿಸ್‌ದು ಬ್ಯಾಂಜೊ, ಎರಿಕ್ ಗ್ರಿಫಿತ್ಸ್‌ದು ಗಿಟಾರು. ಸೋಫಾ ಹೊದಿಕೆಯ ಕೆಲಸ ಕಲಿಯುತ್ತಿದ್ದ ಕಾಲಿನ್ ಹ್ಯಾಂಟನ್ ಕಂತಿನ ಮೇಲೆ ಡ್ರಮ್ ಕೊಂಡಿದ್ದ. ಲೀಡರನಿಗೆ ಹದಿನಾರು ವರ್ಷ. ಅವನಮ್ಮ ಕಲಿಸಿಕೊಟ್ಟದ್ದು ಬ್ಯಾಂಜೊ ಪಟ್ಟುಗಳು, ಅದನ್ನೇ ಗಿಟಾರಿನ ಮೇಲೆ ಬಾರಿಸುತ್ತಿದ್ದ. ಹೆಸರು ಜಾನ್ ಲೆನನ್. ಈಗ ಕಿವಿ ನೆಟ್ಟಗಾಯ್ತಲ್ಲ?

ಅವತ್ತಿನ ಶೋ ಹೇಗೆ ಮುಗೀತು ಗೊತ್ತೆ? ಪಕ್ಕದ ಬೀದಿಯ ಪುಂಡರು ಈ ಲೆನನ್‌ಗೆ ನಾಲ್ಕು ಬಿಗಿಯೋಣ ಅಂತ ಮಾತಾಡಿಕೊಳ್ಳೋದು ತಂಡದವರ ಕಿವಿಗೆ ಬಿತ್ತು. ಲಾರಿಯಿಂದ ಹಾರಿದವರೇ ಡ್ರಮ್ಮರನ ಗೆಳೆಯನ ಮನೆಗೆ ನುಗ್ಗಿದರು. ಕೊನೆಗೆ ಪೊಲೀಸಿನವನೊಬ್ಬ ಜೊತೆಗೆ ನಡೆದು ಬಸ್ ಸ್ಟಾಪಿಗೆ ಬಿಟ್ಟು ಬಂದ!

ಸರಿಯಾಗಿ ಎರಡು ವಾರಕ್ಕೆ, ಜುಲೈ 6ರಂದು, ವೂಲ್ಟನ್ ಎಂಬಲ್ಲಿ ಸೇಂಟ್ ಪೀಟರ್ಸ್ ಚರ್ಚಿನ ಜಾತ್ರೆ. ದೊಡ್ಡವರಿಗೆ ಆರು ಪೆನ್ಸ್, ಮಕ್ಕಳಿಗೆ ಮೂರು. ಗುಲಾಬಿ ರಾಣಿಯ ಕಿರೀಟಧಾರಣೆ, ಪೊಲೀಸ್ ನಾಯಿಗಳ ಕಸರತ್ತು, ಇವುಗಳ ನಡುವೆ ನಮ್ಮ ಹುಡುಗರ ಹಾಡು. ಅವತ್ತು ತೆಗೆದ ಫೋಟೋ ಒಂದಿದೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಚೌಕಳಿ ಅಂಗಿಯ ಲೆನನ್ ಮೈಕಿನ ಮುಂದೆ, ಸುತ್ತ ಐವರು. ಒಟ್ಟು ಆರು.

ಏಳನೆಯವನು ಜನರ ಮಧ್ಯೆ ನಿಂತಿದ್ದ. ಹದಿನೈದು ವರ್ಷದ ಪಾಲ್ ಮೆಕಾರ್ಟ್ನಿ. ಲೆನನ್‌ಗೆ ಹಾಡಿನ ಮಾತು ಬಾರದೆ ಸ್ವಂತದ್ದು ಸೇರಿಸಿ ಜಮಾಯಿಸುತ್ತಿರುವುದು ಅವನಿಗೆ ತಿಳಿದುಹೋಯಿತು, ತಿಳಿದೂ ಮೆಚ್ಚಿದ! ಆಮೇಲೆ ಎದುರಿನ ಚರ್ಚ್ ಹಾಲಿನಲ್ಲಿ ಇಬ್ಬರಿಗೂ ಗೆಳೆಯನಾಗಿದ್ದ ಐವನ್ ವಾನ್ ಪರಿಚಯ ಮಾಡಿಸಿದ. ಪಾಲ್ ಗಿಟಾರ್ ಎತ್ತಿಕೊಂಡು ‘ಟ್ವೆಂಟಿ ಫ್ಲೈಟ್ ರಾಕ್’ ಹಾಡಿದ. ಅದು 1956ರ ‘ದಿ ಗರ್ಲ್ ಕಾಂಟ್ ಹೆಲ್ಪ್ ಇಟ್’ ಚಿತ್ರದಲ್ಲಿ ಎಡ್ಡಿ ಕಾಕ್ರನ್ ಹಾಡಿದ್ದು. ನೋಡಿದಿರಾ, ಇಲ್ಲೂ ಸಿನಿಮಾನೇ ಬಂತು! ಪಾಲ್‌ಗೆ ಹಾಡಿನ ಮಾತು ಪೂರ್ತಿ ಬಾಯಿಪಾಠ. ಗಿಟಾರಿನ ಶ್ರುತಿ ಕೂಡಿಸುವುದೂ ಗೊತ್ತು; ಲೀಡರನಿಗೆ ಅದೂ ಸರಿಯಾಗಿ ಗೊತ್ತಿಲ್ಲ.

ಈಗ ಲೆನನ್ ಜಾಗದಲ್ಲಿ ನಿಂತು ಯೋಚನೆ ಮಾಡಿ. ತಂಡ ನಿಮ್ಮದು. ಮೈಕು ನಿಮ್ಮದು. ನಿಮಗಿಂತ ಚೆನ್ನಾಗಿ ಬಾರಿಸುವವನೊಬ್ಬ ಎದುರಿಗಿದ್ದಾನೆ. ಒಳಗೆ ಸೇರಿಸಿಕೊಂಡರೆ ತಂಡ ಗಟ್ಟಿಯಾಗುತ್ತೆ, ನಿಮ್ಮ ಕುರ್ಚಿ ಅಲ್ಲಾಡುತ್ತೆ. ಹೊರಗೆ ಬಿಟ್ಟರೆ ಕುರ್ಚಿ ಭದ್ರ, ತಂಡ ಅಷ್ಟಕ್ಕಷ್ಟೆ. ಇದೇ ಲೆಕ್ಕಾಚಾರ ಆಗ ತನ್ನ ತಲೆಯಲ್ಲಿತ್ತೆಂದು ಲೆನನ್ ಮುಂದೆ ತಾನೇ ಹೇಳಿಕೊಂಡ. ಕೊನೆಗೆ ಆರಿಸಿದ್ದು ತಂಡವನ್ನು.

ಕರೆ ಮುಟ್ಟಿಸಿದವನು ಯಾರು? ವಾಶ್‌ಬೋರ್ಡಿನ ಪೀಟ್ ಶಾಟನ್, ಲೆನನ್‌ನ ಪರಮಾಪ್ತ. ಸೈಕಲ್ ಮೇಲೆ ಹೋಗುತ್ತಿದ್ದ ಪಾಲ್‌ನನ್ನು ನಿಲ್ಲಿಸಿ ಹೇಳಿದ. ಸ್ವಲ್ಪ ದಿನಕ್ಕೆ ಪೀಟ್‌ನ ಆಟವೂ ಮುಗಿಯಿತು. ಒಂದು ಪಾರ್ಟಿಯಲ್ಲಿ ಲೆನನ್ ವಾಶ್‌ಬೋರ್ಡನ್ನು ಅವನ ತಲೆಯ ಮೇಲೇ ಕುಟ್ಟಿ ಮುರಿದ. ಇಬ್ಬರೂ ನಕ್ಕರಂತೆ! ಬಿಡಬೇಕೆಂದಿದ್ದವನಿಗೆ ಬಿಡುಗಡೆ ಸಿಕ್ಕಿತು, ಗೆಳೆತನ ಉಳಿಯಿತು.

ಎಲ್ಲರಿಗೂ ಹಾಗೆ ನಗುವ ಭಾಗ್ಯ ಇರಲಿಲ್ಲ ಕಣ್ರೀ. ರಾಕ್ ಬಂದ ಮೇಲೆ ಬ್ಯಾಂಜೊಗೆ ಏನು ಕೆಲಸ? ರಾಡ್ ಡೇವಿಸ್ ಹೊರಗೆ. 1957ರ ಅಕ್ಟೋಬರಿನಲ್ಲಿ ಮೊದಲ ಶೋನಲ್ಲೇ ಪಾಲ್‌ನ ಒಂಟಿ ಗಿಟಾರ್ ತುಣುಕು ತೋಪಾಯಿತು. ಆಗ ನೆನಪಾದವನು ಪಾಲ್‌ಗಿಂತ ಚಿಕ್ಕ ಹುಡುಗ ಜಾರ್ಜ್ ಹ್ಯಾರಿಸನ್. ಪಾಲ್ ಹೇಳುವ ಪ್ರಕಾರ ಅವನು ಪರೀಕ್ಷೆ ಕೊಟ್ಟದ್ದು ಡಬಲ್ ಡೆಕ್ಕರ್ ಬಸ್ಸಿನ ಮಹಡಿಯಲ್ಲಿ! 1958ರಲ್ಲಿ ಜಾರ್ಜ್ ಒಳಗೆ ಬಂದ, ಎರಿಕ್ ಗ್ರಿಫಿತ್ಸ್‌ಗೆ ರಿಹರ್ಸಲ್ಲಿಗೆ ಕರೆಯೇ ಬರಲಿಲ್ಲ. ಅವನು ಹಡಗಿನ ನೌಕರಿ ಹಿಡಿದ. ಲೆನ್ ಗ್ಯಾರಿ ಮೆದುಳುಪೊರೆಯ ಜ್ವರದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಕೊನೆಗೆ ಕಾಲಿನ್. ಒಂದು ರಾತ್ರಿ ಶೋ ನಡುವೆ ಬಿಯರ್ ಜಾಸ್ತಿಯಾಗಿ ಎರಡನೇ ಭಾಗ ಹಾಳಾಯಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಜಗಳ. ಕಾಲಿನ್ ಡ್ರಮ್ ಎತ್ತಿಕೊಂಡು ಇಳಿದ. ಇಳಿದವನು ಮತ್ತೆ ಹತ್ತಲಿಲ್ಲ. ಡ್ರಮ್ಮರ್ ಎಲ್ಲಿ ಅಂತ ಯಾರಾದರೂ ಕೇಳಿದರೆ, ತಾಳ ಗಿಟಾರಿನಲ್ಲೇ ಇದೆ ಎಂದು ಉಳಿದವರ ಸಮಜಾಯಿಷಿ!

ಫೋಟೋದ ಆರರಲ್ಲಿ ಉಳಿದದ್ದು ಒಂದು. 1960ರಲ್ಲಿ ಹೆಸರೂ ಬದಲಾಗಿ ‘ಬೀಟಲ್ಸ್’ ಆಯಿತು. ವೂಲ್ಟನ್‌ನ ಆ ಸಂಜೆಯ ಹಾಡನ್ನು ಹುಡುಗನೊಬ್ಬ ಗ್ರುಂಡಿಗ್ ಟೇಪಿನಲ್ಲಿ ಹಿಡಿದಿಟ್ಟಿದ್ದ. 1994ರಲ್ಲಿ ಆ ಟೇಪು ಹರಾಜಾಯಿತು. ಎಷ್ಟಕ್ಕೆ? 78,500 ಪೌಂಡಿಗೆ!

ಲೆನನ್ ಮಾಡಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ, ಸರಿ ಎನ್ನುತ್ತೇನೆ. ತನಗಿಂತ ಮೇಲಿನವನನ್ನು ಪಕ್ಕಕ್ಕೆ ನಿಲ್ಲಿಸಿಕೊಳ್ಳಲು ಗುಂಡಿಗೆ ಬೇಕು. ಆದರೆ ಎರಿಕ್‌ಗೆ ಎದುರು ನಿಂತು ಒಂದು ಮಾತು ಹೇಳಬಹುದಿತ್ತು. ಅದಕ್ಕೂ ಗುಂಡಿಗೆ ಬೇಕು, ಅದು ಅಲ್ಲಿ ಯಾರಿಗೂ ಇರಲಿಲ್ಲ. ಉಳಿದವರನ್ನು ಸೋತವರು ಅನ್ನೋದಕ್ಕೂ ನಾನು ತಯಾರಿಲ್ಲ. 1997ರಲ್ಲಿ, ಹಾಡಿದ್ದಕ್ಕೆ ನಲವತ್ತು ವರ್ಷ ತುಂಬಿದಾಗ, ಆ ಹಳೆಯ ಐವರೂ ವೂಲ್ಟನ್‌ನಲ್ಲಿ ಮತ್ತೆ ಒಟ್ಟಿಗೆ ಸ್ಟೇಜ್ ಹತ್ತಿದರು. ಎರಿಕ್ ಬಂದ, ಬಸ್ಸಿಳಿದು ಹೋಗಿದ್ದ ಕಾಲಿನ್ ಬಂದ. ಬರಲಾಗದವನು ಒಬ್ಬನೇ. ಲೀಡರ್. ಅವನು 1980ರಲ್ಲೇ ಗುಂಡಿಗೆ ಬಲಿಯಾಗಿದ್ದ.

ನಿಮ್ಮ ಬೀದಿಯಲ್ಲೂ ಒಂದು ತಂಡ ಇದ್ದೀತು, ಅದರಲ್ಲೊಬ್ಬ ಡಬ್ಬ ಬಡಿಯುವವನೂ ಇದ್ದಾನು. ನಾಳೆ ಅವನನ್ನು ಬಿಡಬೇಕಾಗಿ ಬಂದರೆ ಬಿಡಿ ಗುರೂ. ಆದರೆ ಟೀ ಕುಡಿಸಿ, ಎದುರಿಗೆ ಹೇಳಿ ಬಿಡಿ. ಬರಲೇ? ಮುಂದಿನ ವಾರ ಸಿಗೋಣ.